ಆನಂದಕಂದರ ‘ನಲ್ವಾಡುಗಳು’ ಮತ್ತು ಗ್ರಾಮ್ಯತ್ವವಿಚಾರ

ಬೆಳಗಾವಿ ಜಿಲ್ಲೆಯ ಗೋಕಾಕ ತಾಲೂಕಿನ ಬೆಟಗೇರಿಯಲ್ಲಿ 1900ರಲ್ಲಿ ಜನಿಸಿ 1982ರಲ್ಲಿ ಕಾಲವಾದ ಶ್ರೀ ಬೆಟಗೇರಿ ಕೃಷ್ಣಶರ್ಮರು ‘ಆನಂದಕಂದ’ ಎಂಬ ಕಾವ್ಯನಾಮದಿಂದ ಕವಿತೆಯನ್ನೂ ಕಾದಂಬರಿಯನ್ನೂ ರಚಿಸಿದವರು. ಧಾರವಾಡದ ಗೆಳೆಯರ ಗುಂಪಿನಲ್ಲಿ ಅವರು ಬೇಂದ್ರೆಯವರ ಒಡನಾಡಿಗಳಾಗಿದ್ದುದೂ, 1938ರಲ್ಲಿ ‘ಜಯಂತಿ’ ಮಾಸಪತ್ರಿಕೆಯನ್ನು ಆರಂಭಿಸಿದುದೂ, ಪುರಂದರದಾಸರ ಪದಗಳನ್ನು ಸಂಪಾದಿಸಿದುದೂ ವಿದ್ವಾಂಸರಿಗೆ ವಿದಿತವೇ ಆಗಿದೆ. ಇಲ್ಲಿ ವಿಚಾರಿಸತಕ್ಕ ವಿಷಯವು ಒಂದೇ: ‘ನಲ್ವಾಡುಗಳು’ ಸಂಗ್ರಹದ ಆಡುನುಡಿಯು ಕಾವ್ಯಕ್ಕೆ ದೋಷವೋ ಗುಣವೋ?

ಲೋಕದ ಬಳಕೆಯಲ್ಲಿ ಮಾತ್ರ ಇರುವ ಪದವನ್ನು ಗ್ರಾಮ್ಯವೆಂದು ಮಮ್ಮಟ ವಿಶ್ವನಾಥರು ದೋಷಗಳಲ್ಲಿ ಎಣಿಸಿರುವರು. ಅಧಮಪಾತ್ರಗಳ ಬಾಯಲ್ಲಿ ಅದೇ ಗುಣವಾಗುವುದೆಂದೂ ಒಪ್ಪಿರುವರು. ಈ ವಿನಾಯಿತಿಯನ್ನು ಹಿಡಿದು ಆನಂದಕಂದರನ್ನು ಸಮರ್ಥಿಸುವುದು ಸುಲಭವು, ಆದರೆ ಅನುಚಿತವು. ಈ ಹಾಡುಗಳ ಹಳ್ಳಿಯ ಗಂಡುಹೆಣ್ಣುಗಳು ಅಧಮಪಾತ್ರಗಳಲ್ಲ. ಶೃಂಗಾರಕ್ಕೆ ಆಲಂಬನರಾದ ನಾಯಕನಾಯಿಕೆಯರೇ ಅವರು. ಇಲ್ಲಿ ಲಕ್ಷಣವೇ ಲಕ್ಷ್ಯಕ್ಕೆ ದಾರಿಬಿಡಬೇಕಾಗಿದೆ.

ಮೇಲಾಗಿ ಈ ನುಡಿಯು ಕೆಟ್ಟ ಕನ್ನಡವಲ್ಲ. ನಾಮಪದಗಳ ಕೊನೆಯ ಎಕಾರವು ಇಕಾರವಾಗುವುದು: ಮನೆ–ಮನಿ, ತಲೆ–ತಲಿ. ಚತುರ್ಥಿಯಲ್ಲಿ ಅದೇ ಎಕಾರವು ಅಕಾರವಾಗುವುದು: ನನಗೆ–ನನಗ. ನಿಯಮವಿದ್ದಲ್ಲಿ ವ್ಯಾಕರಣವಿದ್ದೇ ಇದೆ. ಪಾಠ ಹೇಳುವ ಉಪಾಧ್ಯಾಯರಿಗೆ ಇಂಥ ರೂಪಗಳನ್ನು ತಿದ್ದಿ ಓದಿಸುವ ಮನಸ್ಸಾಗುವುದು ಸಹಜವು. ‘ಊರಾಗ’ ಎಂಬಲ್ಲಿ ಐದು ಮಾತ್ರೆಗಳು, ‘ಊರಿನಲ್ಲಿ’ ಎಂಬಲ್ಲಿ ಆರು. ತಿದ್ದಿದೊಡನೆ ಹಾಡು ಕುಂಟುವುದು. ಕಿವಿಯುಳ್ಳವರಿಗೆ ಬೇರೆ ಪ್ರಮಾಣವೇಕೆ?

ಕೆರಿಬಿಯನ್ ಸಮುದ್ರದ ಜಮೈಕಾ ದ್ವೀಪದಲ್ಲಿ ಹುಟ್ಟಿದ ಕ್ಲಾಡ್ ಮೆಕೇ ಎಂಬ ಕವಿಕಾದಂಬರಿಕಾರನಿಗೂ ಈ ಪ್ರಶ್ನೆಯೇ ಎದುರಾಯಿತು. 1912ರಲ್ಲಿ ‘ಸಾಂಗ್ಸ್ ಆಫ್ ಜಮೈಕಾ’ ಎಂಬ ಸಂಗ್ರಹವನ್ನು ತನ್ನ ನಾಡಿನ ಆಡುಮಾತಿನಲ್ಲಿ ಪ್ರಕಟಿಸಿದ ಆತನು, ಅಮೆರಿಕೆಗೆ ಹೋದ ಬಳಿಕ ಶಿಷ್ಟ ಇಂಗ್ಲಿಷಿನ ಚತುರ್ದಶಪದಿಗೆ ತಿರುಗಿದನು. ಕೃಷ್ಣಶರ್ಮರಾದರೋ ಗ್ರಾಂಥಿಕವನ್ನೂ ದೇಸಿಯನ್ನೂ ಜೊತೆಜೊತೆಯಾಗಿ ನಡೆಸಿದರು. ಎರಡರಲ್ಲಿಯೂ ಸಮಾನ ಸಿದ್ಧಿಯಾಯಿತೆನ್ನಲಾಗದು. ‘ಸುದರ್ಶನ’, ‘ಅಶಾಂತಿಪರ್ವ’ ಮೊದಲಾದ ಕಾದಂಬರಿಗಳ ಗದ್ಯವು ಶುದ್ಧವಾಗಿದೆ, ಸಂಯತವಾಗಿದೆ. ಹಾಡುಗಳ ಕಸುವು ಅದರಲ್ಲಿಲ್ಲ.

‘ನಲ್ವಾಡುಗಳ’ ಪದಗಳಿಗೆ ಅಕಾರಾದಿ ಕೋಶವೊಂದನ್ನು ಸಿದ್ಧಪಡಿಸುವುದು ಉತ್ತಮ ಕಾರ್ಯವಾದೀತು. ಗೋಕಾಕ ಸೀಮೆಯ ಮುದುಕಿಯರನ್ನು ಕೇಳಿಯೇ ಅರ್ಥಗಳನ್ನು ಬರೆದುಕೊಳ್ಳತಕ್ಕದ್ದು.