ಅಚ್ಚು ಎಷ್ಟು ಅಗಲ ಸಾಕು?

ಪೈಪು ಬಗ್ಗಿಸಿ, ಬೆಸುಗೆ ಹಾಕಿ, ಗುಜರಿಯ ಎಂಜಿನ್ ಕೂರಿಸಿ ಹೊಲ-ಹಳ್ಳಗಳಲ್ಲಿ ಓಡಿಸುವ ಬಗ್ಗಿ ಎಂಬ ಗಾಡಿ ಕಟ್ಟಲು ಹೊರಟವರು ಮೊದಲ ದಿನವೇ ಒಂದು ತೀರ್ಮಾನ ಮಾಡಿಬಿಟ್ಟಿರುತ್ತಾರೆ: ಅಚ್ಚು ಅಗಲವಾದಷ್ಟೂ ಗಾಡಿ ಮಗುಚುವುದಿಲ್ಲ, ಹಾಗಾಗಿ ಎಷ್ಟು ಅಗಲ ಆಗುತ್ತದೋ ಅಷ್ಟು ಇಟ್ಟುಬಿಡೋಣ. ಈ ಮಾತಿನ ಮೊದಲರ್ಧ ನಿಜ, ಉಳಿದರ್ಧ ದುಬಾರಿ ತಪ್ಪು. ಸೊಲ್ಲಾಪುರ, ಅಕ್ಕಲಕೋಟದಂಥ ಎರೆ ಸೀಮೆಯಲ್ಲಿ ಅಚ್ಚಿನ ಅಗಲವನ್ನು ಎರಡು ಸಂಗತಿಗಳು ತೀರ್ಮಾನಿಸಬೇಕು. ಒಂದು, ಗಾಡಿಯ ಭಾರ ನೆಲದಿಂದ ಎಷ್ಟು ಎತ್ತರದಲ್ಲಿದೆ ಎಂಬುದು. ಇನ್ನೊಂದು, ಗಾಡಿ ಓಡುವ ದಾರಿಯಲ್ಲಿ ಈಗಾಗಲೇ ಬಿದ್ದಿರುವ ಜಾಡು ಎಷ್ಟು ಅಗಲವಿದೆ ಎಂಬುದು. ಇವೆರಡನ್ನೂ ಅಳೆದು ನೋಡಿದವರಿಗೆ ಸಿಗುವ ಅಂಕಿ ಮೊದಲು ಅಂದುಕೊಂಡದ್ದಕ್ಕಿಂತ ಸಾಮಾನ್ಯವಾಗಿ ಕಡಿಮೆಯೇ ಇರುತ್ತದೆ.

ಯಾವ ಅಗಲ ಎಂಬುದು ಮೊದಲು ಇತ್ಯರ್ಥವಾಗಲಿ. ಲೇಥ್ ಅಂಗಡಿಯವನು ಅಳೆಯುವುದು ಒಂದು ಹಬ್ಬಿನ ಮುಖದಿಂದ ಇನ್ನೊಂದರ ಮುಖಕ್ಕೆ. ಓಡಿಸುವವನಿಗೆ ಬೇಕಾದದ್ದು ಎರಡು ಟೈರುಗಳ ನಡುಗೆರೆಗಳ ಅಂತರ, ಅಂದರೆ ಟ್ರ್ಯಾಕ್. ಪಿಕಪ್ಪಿಗೆ ಹೇರುವವನು ನೋಡುವುದು ಟೈರುಗಳ ಹೊರ ಅಂಚನ್ನು. ಹಬ್ಬಿನ ಮುಖಗಳ ಅಂತರ 120 ಸೆಂ.ಮೀ. ಇದ್ದು, ಬೋಲ್ಟ್ ಕೂರುವ ತಟ್ಟೆ ರಿಮ್ಮಿನ ನಟ್ಟನಡುವೆ ಇದ್ದರೆ ಟ್ರ್ಯಾಕ್ ಕೂಡ 120 ಸೆಂ.ಮೀ. ಟೈರು 24 ಸೆಂ.ಮೀ. ಅಗಲವಿದ್ದರೆ ಹೊರ ಅಳತೆ 144. ಅದೇ ಹಬ್ಬಿಗೆ, ತಟ್ಟೆ 3 ಸೆಂ.ಮೀ. ಒಳಗೆ ಸರಿದ ರಿಮ್ಮು ಹಾಕಿದರೆ ಅಚ್ಚನ್ನು ಮುಟ್ಟದೆಯೇ ಟ್ರ್ಯಾಕ್ 126, ಹೊರ ಅಳತೆ 150 ಆಗುತ್ತದೆ. ಮೂವರೂ ತಮ್ಮ ತಮ್ಮ ಅಗಲ ಹಿಡಿದು ಮಾತಾಡಿದರೆ ಕೆಲಸ ಕೆಡುತ್ತದೆ. ಇಲ್ಲಿ ಅಗಲವೆಂದರೆ ಟ್ರ್ಯಾಕ್.

ಗಾಡಿ ಪಕ್ಕಕ್ಕೆ ಉರುಳುವುದರ ಲೆಕ್ಕ ಕಷ್ಟದ್ದಲ್ಲ. ಟ್ರ್ಯಾಕಿನ ಅರ್ಧವನ್ನು ಗುರುತ್ವಕೇಂದ್ರದ ಎತ್ತರದಿಂದ ಭಾಗಿಸಬೇಕು. ಅಮೆರಿಕದ ರಸ್ತೆ ಸುರಕ್ಷತಾ ಸಂಸ್ಥೆ ಕಾರುಗಳ ಉರುಳುವ ಅಪಾಯಕ್ಕೆ ಅಂಕ ಕೊಡುವಾಗ ಬಳಸುವುದೂ ಇದೇ ಭಾಗಲಬ್ಧವನ್ನು. ಟ್ರ್ಯಾಕ್ 130 ಸೆಂ.ಮೀ., ಎತ್ತರ 60 ಸೆಂ.ಮೀ. ಇದ್ದರೆ 65ನ್ನು 60ರಿಂದ ಭಾಗಿಸಿ 1.08, ಕಾಗದದ ಮೇಲೆ ಸುಮಾರು 47 ಡಿಗ್ರಿ ವಾಲುವವರೆಗೆ ಗಾಡಿ ನಿಲ್ಲುತ್ತದೆ. ಸ್ಪ್ರಿಂಗು, ಟೈರು ಕುಗ್ಗುವುದರಿಂದ ನಿಜವಾದ ಮಿತಿ ಇನ್ನೂ ಕಡಿಮೆ. ಟ್ರ್ಯಾಕನ್ನು 150ಕ್ಕೆ ಏರಿಸಿದರೆ ಭಾಗಲಬ್ಧ 1.25, ಕೋನ 51 ಡಿಗ್ರಿ. ಈಗ ಟ್ರ್ಯಾಕನ್ನು 130ರಲ್ಲೇ ಬಿಟ್ಟು ಭಾರವನ್ನು 8 ಸೆಂ.ಮೀ. ಕೆಳಗಿಳಿಸಿ ನೋಡಿ: 65ನ್ನು 52ರಿಂದ ಭಾಗಿಸಿದರೂ ಅದೇ 1.25. ಅಗಲದಲ್ಲಿ 20 ಸೆಂ.ಮೀ. ಕೊಟ್ಟು ಪಡೆಯುವುದನ್ನು ಎತ್ತರದಲ್ಲಿ 8 ಸೆಂ.ಮೀ. ಇಳಿಸಿ ಪಡೆಯಬಹುದು. ಬಗ್ಗಿಗೆ ಛಾವಣಿಯ ತಗಡಿಲ್ಲ, ಬಾಗಿಲಿಲ್ಲ, ಗಾಜಿಲ್ಲ. ಆಸನವನ್ನು ತಳದ ಪೈಪುಗಳ ನಡುವೆ ಇಳಿಸಬಹುದು, ಬ್ಯಾಟರಿಯನ್ನೂ ಪೆಟ್ರೋಲ್ ಟ್ಯಾಂಕನ್ನೂ ಸೀಟಿನ ಹಿಂದೆ ಕೆಳಗೆ ಕೂರಿಸಬಹುದು. ಎತ್ತರ ಇಳಿಸುವ ಅವಕಾಶ ಇಷ್ಟೊಂದು ಇರುವ ಗಾಡಿಯಲ್ಲಿ ಅಗಲಕ್ಕೇ ಮೊದಲು ಕೈ ಹಾಕುವುದು ಸರಿಯಲ್ಲ.

ಗುರುತ್ವಕೇಂದ್ರವನ್ನು ಅಂದಾಜಿನಲ್ಲಿ ಹೇಳುವ ಅಗತ್ಯವೂ ಇಲ್ಲ. ಅಡತಿಯಲ್ಲಿ ಚೀಲ ತೂಗುವ ಎಲೆಕ್ಟ್ರಾನಿಕ್ ಕಾಟಾ ಎರಡು ಸಿಕ್ಕರೆ ಸಾಕು. ಲಾರಿ ತೂಗುವ ಕಾಟಾ ಇಷ್ಟು ಸೂಕ್ಷ್ಮ ಹೇಳಲಾರದು. ಸ್ಪ್ರಿಂಗು ಆಡದಂತೆ ಕಟ್ಟಿ, ಚಾಲಕನನ್ನು ಕೂರಿಸಿ, ಸಮನೆಲದಲ್ಲಿ ಮುಂದಿನ ಎರಡು ಗಾಲಿಗಳ ತೂಕ ಬರೆದುಕೊಳ್ಳಬೇಕು. ಆಮೇಲೆ ಹಿಂಭಾಗವನ್ನು ಎತ್ತಿ ಮತ್ತೆ ಮುಂದಿನ ತೂಕ ನೋಡಬೇಕು. ಒಟ್ಟು 500 ಕೆ.ಜಿ. ತೂಗುವ, ಅಚ್ಚಿನಿಂದ ಅಚ್ಚಿಗೆ 210 ಸೆಂ.ಮೀ. ಉದ್ದವಿರುವ ಗಾಡಿಯ ಹಿಂದಿನ ಗಾಲಿಗಳನ್ನು 42 ಸೆಂ.ಮೀ. ಎತ್ತಿದಾಗ ಮುಂದಿನ ತೂಕ 15 ಕೆ.ಜಿ. ಏರಿತು ಎನ್ನೋಣ. 15ನ್ನು 210ರಿಂದ ಗುಣಿಸಿ, 500 ಮತ್ತು ಇಳಿಜಾರಿನ 0.2 (42ನ್ನು 210ರಿಂದ ಭಾಗಿಸಿದ್ದು) ಇವುಗಳ ಗುಣಲಬ್ಧವಾದ 100ರಿಂದ ಭಾಗಿಸಿದರೆ ಸುಮಾರು 31. ಇದಕ್ಕೆ ಗಾಲಿಯ ತ್ರಿಜ್ಯ 30 ಸೆಂ.ಮೀ. ಸೇರಿಸಿದರೆ ಗುರುತ್ವಕೇಂದ್ರ ನೆಲದಿಂದ 61 ಸೆಂ.ಮೀ. ಮೇಲಿದೆ ಎಂದಾಯಿತು. ಅಚ್ಚಿಗೆ ಗರಗಸ ಹಚ್ಚುವ ಮುನ್ನ ಈ ಅಂಕಿ ಕೈಯಲ್ಲಿರಬೇಕು.

ಅಗಲದ ಪರ ವಾದಿಸುವವರ ಬಳಿ ಮಾರುತಿ ಜಿಪ್ಸಿಯ ಗಟ್ಟಿ ಸಾಕ್ಷಿ ಇದೆ. 1985ರಲ್ಲಿ ಬಂದ ಜಿಪ್ಸಿಯ ಟ್ರ್ಯಾಕನ್ನು 1993ರಲ್ಲಿ 90 ಮಿ.ಮೀ. ಹಿಗ್ಗಿಸಿ ಮುಂದೆ 1300, ಹಿಂದೆ 1310 ಮಿ.ಮೀ. ಮಾಡಲಾಯಿತು. ಕಂಪನಿಯೇ ಹಿಗ್ಗಿಸಿತಲ್ಲ, ಅಗಲ ಬೇಕೆಂಬುದಕ್ಕೆ ಇನ್ನೇನು ಪುರಾವೆ ಬೇಕು ಎಂದು ಕೇಳುತ್ತಾರೆ. ಆದರೆ ಇದೇ ಅಗಲದ ಅಚ್ಚುಗಳಿದ್ದ ಜಿಪ್ಸಿಯ ಸೋದರ, ಸುಜುಕಿ ಸಾಮುರಾಯ್, ಸುಲಭವಾಗಿ ಉರುಳುತ್ತದೆ ಎಂದು ಅಮೆರಿಕದ ಗ್ರಾಹಕ ಪತ್ರಿಕೆ ‘ಕನ್ಸ್ಯೂಮರ್ ರಿಪೋರ್ಟ್ಸ್’ 1988ರಲ್ಲಿ ಬರೆಯಿತು. ಕಂಪನಿ ಅದನ್ನು ಒಪ್ಪದೆ ನ್ಯಾಯಾಲಯಕ್ಕೆ ಹೋಯಿತು. ವ್ಯಾಜ್ಯ ರಾಜಿಯಲ್ಲಿ ಮುಗಿದದ್ದು 2004ರಲ್ಲಿ. ಯಾರ ಪರೀಕ್ಷೆ ಸರಿ ಎಂಬುದು ಹಾಗಿರಲಿ, ಅಗಲ ಹೆಚ್ಚಿಸಿದ ಮಾತ್ರಕ್ಕೆ ಚರ್ಚೆ ಮುಗಿಯುವುದಿಲ್ಲ ಎಂಬುದು ಇದರಿಂದ ಸ್ಪಷ್ಟ. ಜಿಪ್ಸಿಯಲ್ಲಿ ಜನ ಚೌಕಟ್ಟಿನ ಮೇಲೆ ಎತ್ತರಕ್ಕೆ ಕೂರುತ್ತಾರೆ, ಹಾಗಾಗಿ ಕಂಪನಿಗೆ ಉಳಿದಿದ್ದ ದಾರಿ ಅಗಲ ಒಂದೇ. ಬಗ್ಗಿ ಕಟ್ಟುವವನಿಗೆ ಅಂಥ ಕಟ್ಟುಪಾಡಿಲ್ಲ.

ಎತ್ತರದ ಲೆಕ್ಕ ಮುಗಿದ ಮೇಲೆ ನೆಲದ ಲೆಕ್ಕ. ಸೊಲ್ಲಾಪುರದಿಂದ ಅಕ್ಕಲಕೋಟದವರೆಗಿನ ಮಣ್ಣು ಬಸಾಲ್ಟ್ ಬಂಡೆ ಸವೆದು ಆದದ್ದು. ಸೀನಾ, ಬೋರಿ ಹೊಳೆಗಳ ಆಸುಪಾಸಿನ ತಗ್ಗಿನಲ್ಲಿ ಆಳವಾದ ಎರೆ, ಏರಿನಲ್ಲಿ ತೆಳುಮಣ್ಣು, ಅದರ ಕೆಳಗೆ ಗರಸು. ಜೋರು ಮಳೆ ಸೆಪ್ಟೆಂಬರಿನಲ್ಲಿ. ಆಗ ಎರೆ ಉಬ್ಬಿ ಮೆತ್ತಗಾಗುತ್ತದೆ. ಬಿತ್ತಲು ಹೋಗುವ ಟ್ರ್ಯಾಕ್ಟರು, ಆಮೇಲೆ ಕಬ್ಬು ಹೇರಿದ ಟ್ರೇಲರು ಅದರಲ್ಲಿ ಜಾಡು ಒತ್ತುತ್ತವೆ. ಬಿಸಿಲು ಬಿದ್ದಂತೆ ಆ ಜಾಡಿನ ಅಂಚು ಸುಟ್ಟ ಇಟ್ಟಿಗೆಯ ಹಾಗೆ ಗಟ್ಟಿಯಾಗಿ ಮುಂದಿನ ಮಳೆಯವರೆಗೂ ಹಾಗೇ ಉಳಿಯುತ್ತದೆ. ಬಗ್ಗಿಯ ಟ್ರ್ಯಾಕ್ ಜಾಡಿಗೆ ಸರಿಹೊಂದಿದರೆ ಎರಡೂ ಗಾಲಿ ಒಳಗೇ ಉರುಳುತ್ತವೆ. ಜಾಡಿಗಿಂತ ಬಹಳ ಬೇರೆಯಾಗಿದ್ದರೆ ಒಂದು ಗಾಲಿ ನಡುದಿಣ್ಣೆಯ ಮೇಲೆ, ಇನ್ನೊಂದು ಹೊರಗೆ ಹೊಲದ ಕಡೆಗೆ ಹತ್ತಿ ಹೋಗುತ್ತವೆ. ಕೆಟ್ಟದ್ದು ಇವೆರಡರ ನಡುವಿನದು. ಹತ್ತು ಹನ್ನೆರಡು ಸೆಂ.ಮೀ. ವ್ಯತ್ಯಾಸವಿದ್ದಾಗ ಒಂದು ಗಾಲಿ ಜಾಡಿನಲ್ಲಿದ್ದರೆ ಇನ್ನೊಂದು ಅಂಚಿನ ಮೇಲೆ ಹತ್ತುತ್ತ ಜಾರುತ್ತ ಸ್ಟೀರಿಂಗನ್ನು ಕೈಯಿಂದ ಕಿತ್ತುಕೊಳ್ಳುತ್ತದೆ. ಜಾಡು 20 ಸೆಂ.ಮೀ. ಆಳವಿದ್ದರೆ 130ರ ಟ್ರ್ಯಾಕಿನ ಗಾಡಿ ಸುಮಾರು 9 ಡಿಗ್ರಿ ವಾಲುತ್ತದೆ. ಪಕ್ಕದ ಇಳಿಜಾರು ಇದಕ್ಕೆ ಕೂಡಿಕೊಂಡರೆ ಉರುಳುವ ಮಿತಿ ಬೇಗ ಹತ್ತಿರವಾಗುತ್ತದೆ. ಜಾಡಿಗೆ ಅಚ್ಚು ಹೊಂದಿಸುವುದು ಹಳೆಯ ಮಾತು: ಚೀನಾದ ಮೊದಲ ಚಕ್ರವರ್ತಿ ಚಿನ್ ಶಿ ಹುವಾಂಗ್ ಕ್ರಿ.ಪೂ. 221ರಲ್ಲಿ ದೇಶವನ್ನು ಒಂದುಗೂಡಿಸಿ, ತೂಕ-ಅಳತೆ, ಲಿಪಿಗಳ ಜೊತೆಗೆ ಗಾಡಿಗಳ ಅಚ್ಚನ್ನೂ ಒಂದೇ ಅಳತೆಗೆ ತಂದ. ಮೆತ್ತನೆಯ ಮಣ್ಣಿನ ದಾರಿಯಲ್ಲಿ ಜಾಡು ಬಿದ್ದ ಮೇಲೆ ಬೇರೆ ಅಗಲದ ಗಾಡಿಗೆ ಅಲ್ಲಿ ದಾರಿಯಿಲ್ಲ. ನಮ್ಮ ಚಕ್ಕಡಿಗಳನ್ನು ಮಾಡಿದ ಬಡಿಗರಿಗೂ ಈ ತಿಳಿವಳಿಕೆ ಇತ್ತು. ಟ್ರ್ಯಾಕ್ಟರಿನ ಹಿಂಗಾಲಿಗಳನ್ನು ರಿಮ್ಮು ತಿರುಗಿಸಿ ಹತ್ತಿರ-ದೂರ ಮಾಡಬಹುದಾದ್ದರಿಂದ ಎಲ್ಲ ಊರಿನ ಜಾಡೂ ಒಂದೇ ಎನ್ನಲಾಗದು. ಟೇಪು ಹಿಡಿದು, ಓಡಿಸುವ ದಾರಿಯಲ್ಲೇ ನಾಲ್ಕಾರು ಕಡೆ ಜಾಡಿನ ನಡುವಿನಿಂದ ನಡುವಿಗೆ ಅಳೆಯಬೇಕು.

ಹಳಿಗಳ ಇತಿಹಾಸವೂ ಈ ಜಿಲ್ಲೆಯಲ್ಲಿ ಇದೇ ಪಾಠ ಹೇಳುತ್ತದೆ. 1860ರಲ್ಲಿ ಸೊಲ್ಲಾಪುರ ಮುಟ್ಟಿದ, ಜಿಐಪಿ ಎಂಬ ರೈಲು ಕಂಪನಿಯ ಹಳಿ 1676 ಮಿ.ಮೀ. ಅಗಲದ್ದು. ಹೋಟಗಿಯಿಂದ ವಿಜಯಪುರದ ಮೇಲೆ ಗದಗಕ್ಕೆ ಹೋದದ್ದು ಮೀಟರ್ ಗೇಜು. 1897ರಲ್ಲಿ ಎವರಾರ್ಡ್ ಕ್ಯಾಲ್ತ್ರಾಪ್ ಎಂಬ ಎಂಜಿನಿಯರ್ ಆರಂಭಿಸಿದ ಬಾರ್ಶಿ ಲೈಟ್ ರೈಲ್ವೆಯದು ಬರೀ 762 ಮಿ.ಮೀ. ಅಷ್ಟು ಕಿರಿದಾದ ಹಳಿಯ ಮೇಲೆ ಆತ 7 ಅಡಿ ಅಗಲದ ಡಬ್ಬಿ ಓಡಿಸಿದ. ಪ್ರತಿ ಅಚ್ಚಿನ ಮೇಲೂ ಭಾರ 5 ಟನ್ ಮೀರದಂತೆ ಸಮನಾಗಿ ಹಂಚಿದ್ದು ಅವನ ಜಾಣ್ಮೆ. ಹಳಿ ಸಪಾಟು, ಹೊಲ ಹಾಗಲ್ಲವಲ್ಲ ಎಂಬ ಆಕ್ಷೇಪ ಸರಿಯೇ. ಆ ಅಳತೆಯನ್ನು ಬಗ್ಗಿಗೆ ಎತ್ತಿಕೊಳ್ಳಿ ಎಂದು ಯಾರೂ ಹೇಳುತ್ತಿಲ್ಲ. ಭಾರ ಎಲ್ಲಿ ಕೂತಿದೆ ಎಂದು ಮೊದಲು ನೋಡಿ, ಅಗಲವನ್ನು ಆಮೇಲೆ ಆರಿಸಿದ ಅವನ ಕ್ರಮವನ್ನು ಎತ್ತಿಕೊಳ್ಳಬೇಕು.

ಹಿಂದಿನ ಅಚ್ಚಿನ ಮಾತು ಬೇರೆ. ಮನೆಯಲ್ಲಿ ಕಟ್ಟುವ ಬಗ್ಗಿಗಳಲ್ಲಿ ಡಿಫರೆನ್ಷಿಯಲ್ಲನ್ನು ಬೆಸೆದು ಎರಡೂ ಗಾಲಿ ಒಟ್ಟಿಗೇ ತಿರುಗುವಂತೆ ಮಾಡುವುದುಂಟು. ಒಂದು ಗಾಲಿ ಗಾಳಿಯಲ್ಲಿದ್ದರೂ ಇನ್ನೊಂದು ಎಳೆಯುತ್ತದೆ. ಆದರೆ ತಿರುವಿನಲ್ಲಿ ಹೊರಗಾಲಿ ಒಳಗಾಲಿಗಿಂತ ಹೆಚ್ಚು ದೂರ ಹೋಗಬೇಕು. ಕಾಲು ಸುತ್ತು ತಿರುಗುವಾಗ 120ರ ಟ್ರ್ಯಾಕಿಗೆ ಈ ವ್ಯತ್ಯಾಸ 188 ಸೆಂ.ಮೀ., 150ಕ್ಕೆ 236 ಸೆಂ.ಮೀ. ಬೆಸೆದ ಅಚ್ಚಿನಲ್ಲಿ ಅಷ್ಟನ್ನೂ ಟೈರು ನೆಲಕ್ಕೆ ಉಜ್ಜಿಯೇ ಸರಿಮಾಡಬೇಕು. ಅಗಲ ಹೆಚ್ಚಿದಷ್ಟೂ ಗಾಡಿ ತಿರುಗಲೊಲ್ಲದೆ ನೇರಕ್ಕೆ ನುಗ್ಗುತ್ತದೆ. ಹಾಗಾಗಿ ಹಿಂದಿನ ಟ್ರ್ಯಾಕ್ ಮುಂದಿನದಕ್ಕಿಂತ ಕಿರಿದಾಗಿರಬೇಕು. ಆದರೆ ಎರೆಯಲ್ಲಿ ಮುಂಗಾಲಿ ಒತ್ತಿದ ಜಾಡಿನಲ್ಲೇ ಹಿಂಗಾಲಿ ಬಂದರೆ ಎಂಜಿನ್ನಿಗೆ ಹಗುರ. ಎರಡಕ್ಕೂ ಹೊಂದುವಂತೆ ಒಟ್ಟು ವ್ಯತ್ಯಾಸವನ್ನು 6 ಸೆಂ.ಮೀ. ಒಳಗೆ ಇಟ್ಟರೆ, 24 ಸೆಂ.ಮೀ. ಟೈರಿನಲ್ಲಿ ಪ್ರತಿ ಪಕ್ಕ 21 ಸೆಂ.ಮೀ. ಮುಂಗಾಲಿಯ ಜಾಡಿನ ಮೇಲೇ ಬೀಳುತ್ತದೆ.

ಬಲ್ಲವರ ಆಕ್ಷೇಪ ಇನ್ನೊಂದಿದೆ: ಅಗಲ ಕೊಟ್ಟರೆ ಸಸ್ಪೆನ್ಷನ್ ತೋಳುಗಳನ್ನು ಉದ್ದ ಮಾಡಬಹುದು, ಗಾಲಿ ಹೆಚ್ಚು ಮೇಲೆ-ಕೆಳಗೆ ಆಡುತ್ತದೆ. ಗಾಲಿ ಮೇಲಕ್ಕೂ ಕೆಳಕ್ಕೂ 12.5 ಸೆಂ.ಮೀ. ಆಡಬೇಕಾದರೆ 35 ಸೆಂ.ಮೀ. ತೋಳು 21 ಡಿಗ್ರಿ ಬಾಗಬೇಕು, 45 ಸೆಂ.ಮೀ. ತೋಳು 16 ಡಿಗ್ರಿ ಸಾಕು. ಡ್ರೈವ್ ಶಾಫ್ಟಿನ ಕೀಲುಗಳಿಗೆ ಈ ಐದು ಡಿಗ್ರಿ ದೊಡ್ಡ ಉಪಕಾರ. ಆದರೆ ತೋಳನ್ನು ಉದ್ದ ಮಾಡಲು ಹೊರ ತುದಿಯನ್ನೇ ಹೊರಗೆ ದೂಡಬೇಕಿಲ್ಲ. ಚೌಕಟ್ಟಿನ ಮುಂಭಾಗವನ್ನು ತಳದಲ್ಲಿ ಕಿರಿದು ಮಾಡಿ ಒಳ ತುದಿಯನ್ನು ನಡುವಿಗೆ ತಂದರೂ ಅಷ್ಟೇ ಉದ್ದ ಸಿಗುತ್ತದೆ. ತೋಳಿನ ಬದಲು ಹಬ್ಬಿಗೂ ರಿಮ್ಮಿಗೂ ನಡುವೆ ಸ್ಪೇಸರ್ ಹಾಕಿ ಅಗಲ ಮಾಡುವವರಿಗೆ ಇನ್ನೂ ದೊಡ್ಡ ಬೆಲೆ. 150 ಕೆ.ಜಿ. ಭಾರ ಹೊತ್ತ ಗಾಲಿಯನ್ನು 5 ಸೆಂ.ಮೀ. ಹೊರಗಿಟ್ಟರೆ ಬೇರಿಂಗಿನ ಮೇಲಿನ ಬಾಗುಬಲ ನಿಂತಲ್ಲೇ 750 ಕೆ.ಜಿ.-ಸೆಂ.ಮೀ. ಹೆಚ್ಚುತ್ತದೆ, ಬದು ಹಾರಿ ಬಿದ್ದಾಗ ಅದರ ಹಲವು ಪಟ್ಟು.

ಪಂದ್ಯದ ಗಾಡಿಗಳನ್ನು ತೋರಿಸುವವರೂ ಇದ್ದಾರೆ. ಎಂಜಿನಿಯರಿಂಗ್ ವಿದ್ಯಾರ್ಥಿಗಳ ಬಾಹಾ ಸ್ಪರ್ಧೆ 1976ರಲ್ಲಿ ಅಮೆರಿಕದಲ್ಲಿ ಶುರುವಾಗಿ 2007ರಲ್ಲಿ ಇಂದೋರ್ ಬಳಿಯ ಪೀಥಂಪುರಕ್ಕೆ ಬಂತು. ಅಲ್ಲಿನ ಹೊರ ಅಗಲದ ಮಿತಿ 64 ಇಂಚು, ಅಂದರೆ 162 ಸೆಂ.ಮೀ. ಮಿತಿ ಇದೆ ಎಂದ ಮಾತ್ರಕ್ಕೆ ಅದನ್ನು ಮುಟ್ಟಲೇಬೇಕೆಂದಿಲ್ಲ. ಬಗ್ಗಿಗಳ ಮೂಲಪುರುಷನಾದ ಬ್ರೂಸ್ ಮೇಯರ್ಸ್ 1964ರಲ್ಲಿ ಕಟ್ಟಿದ ಮೇಯರ್ಸ್ ಮ್ಯಾಂಕ್ಸ್ ಫೋಕ್ಸ್‌ವ್ಯಾಗನ್ ಬೀಟಲ್ ಕಾರಿನ ಅಚ್ಚುಗಳನ್ನೇ ಬಳಸಿತು. ಅವುಗಳ ಟ್ರ್ಯಾಕ್ ಸುಮಾರು 130 ಸೆಂ.ಮೀ. ಮೆಕ್ಸಿಕೋದ ಬಾಹಾ ಮರುಭೂಮಿಯಲ್ಲಿ 1967ರ ನವೆಂಬರಿನಲ್ಲಿ ನಡೆದ ಮೊದಲ ಓಟ ಗೆದ್ದದ್ದು ಅಂಥದೇ ಮ್ಯಾಂಕ್ಸ್. ಇಂದು ಅಲ್ಲಿ ಓಡುವ ದೊಡ್ಡ ಟ್ರಕ್ಕುಗಳು ಬಹಳ ಅಗಲ, ನಿಜ. ಆದರೆ ತಿರುವಿನಲ್ಲಿ ಪಕ್ಕಕ್ಕೆ ತಳ್ಳುವ ಬಲ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. ಅವುಗಳ ವೇಗಕ್ಕೆ ಆ ಅಗಲ ಬೇಕು. ಬದು, ತೊಗರಿ ಸಾಲು, ಹಳ್ಳದ ಇಕ್ಕಟ್ಟಿನ ನಡುವೆ ಓಡುವ ನಮ್ಮ ಗಾಡಿಗೆ ಆ ವೇಗವೇ ಇಲ್ಲ.

ಓಡಿಸುವ ಜಾಗವಷ್ಟೇ ಅಲ್ಲ, ಸಾಗಿಸುವ ಜಾಗವೂ ಅಗಲಕ್ಕೆ ಅಂಕುಶ ಹಾಕುತ್ತದೆ. ನೋಂದಣಿ ಪುಸ್ತಕಕ್ಕೆ ಹೊಂದದಂತೆ ವಾಹನ ಬದಲಿಸುವುದನ್ನು 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಂ ತಡೆಯುತ್ತದೆ. ಆದ್ದರಿಂದ ಬಗ್ಗಿ ಸ್ವಂತ ಹೊಲಕ್ಕೋ ಒಪ್ಪಿಗೆ ಪಡೆದ ಬಯಲಿಗೋ ಪಿಕಪ್ಪಿನ ಮೇಲೆಯೇ ಹೋಗಬೇಕು. ಪಿಕಪ್ಪಿನ ಡಾಲಾದ ಒಳ ಅಳತೆಗಿಂತ ಹೊರ ಅಗಲ ಮೀರಿದರೆ ಹೇರುವುದೇ ಆಗದು. ಬಯಲು ಕಂಡಲ್ಲೆಲ್ಲ ಇಳಿಸುವಂತೆಯೂ ಇಲ್ಲ: ಸೊಲ್ಲಾಪುರದ ಉತ್ತರಕ್ಕೆ ನಾನ್ನಜದ ಹುಲ್ಲುಗಾವಲು ಎರೆಭೂತ ಹಕ್ಕಿಗಾಗಿ 1979ರಿಂದಲೂ ಅಭಯಾರಣ್ಯವಾಗಿದೆ.

ಇಷ್ಟನ್ನೂ ಕೂಡಿಸಿದರೆ ಈ ಸೀಮೆಗೆ ಮುಂದೆ 130 ಸೆಂ.ಮೀ. ಆಸುಪಾಸು, ಹಿಂದೆ ಅದಕ್ಕಿಂತ ನಾಲ್ಕೈದು ಸೆಂ.ಮೀ. ಕಡಿಮೆ, ಗುರುತ್ವಕೇಂದ್ರ 55 ಸೆಂ.ಮೀ. ಒಳಗೆ ಎಂಬುದು ಒಳ್ಳೆಯ ಆರಂಭ. ಅಳೆದ ಜಾಡು ಬೇರೆ ಹೇಳಿದರೆ ಜಾಡಿನ ಮಾತೇ ಮೇಲು. ಎರಡು ಅಂಕಿಗಳ ನಡುವೆ ಅನುಮಾನ ಬಂದರೆ ಕಿರಿದಾದದ್ದನ್ನೇ ಆರಿಸಿ. ಬೇರಿಂಗನ್ನು ಮೊದಲೇ ಒಂದು ಅಳತೆ ಗಟ್ಟಿಯಾದದ್ದು ಹಾಕಿದ್ದರೆ, ತಟ್ಟೆ ಮೂರು ಸೆಂ.ಮೀ. ಒಳಸರಿದ ರಿಮ್ಮು ತಂದು ಮುಂದೆ ಎಂದಾದರೂ ಆರು ಸೆಂ.ಮೀ. ಅಗಲ ಮಾಡಿಕೊಳ್ಳಬಹುದು. ಅಗಲವಾಗಿ ಕಟ್ಟಿದ ಗಾಡಿಯನ್ನು ಕಿರಿದು ಮಾಡಬೇಕೆಂದರೆ ತೋಳು, ಶಾಫ್ಟು, ಹೌಸಿಂಗು ಎಲ್ಲವನ್ನೂ ಕತ್ತರಿಸಿ ಮತ್ತೆ ಬೆಸೆಯಬೇಕು. ಅದು ಹೊಸ ಗಾಡಿ ಕಟ್ಟಿದಷ್ಟೇ ಖರ್ಚಿನ ಕೆಲಸ.