ಬಣ್ಣ ತೊಟ್ಟ ‘ಕಸ್ತೂರಿ ನಿವಾಸ’

1971ರ ‘ಕಸ್ತೂರಿ ನಿವಾಸ’ 2014ರಲ್ಲಿ ಬಣ್ಣ ತೊಟ್ಟು ಮತ್ತೆ ತೆರೆಗೆ ಬಂದಾಗ ಅಭಿಮಾನಿಗಳು ಹೊಸ ಚಿತ್ರಕ್ಕೆ ಬರುವಂತೆ ಬಂದರು. ಕಥೆ ಗೊತ್ತಿಲ್ಲದವರು ಯಾರು? ನಮ್ಮ ಕಡೂರು, ತರೀಕೆರೆ, ಅಜ್ಜಂಪುರದ ಕಡೆ ಇದನ್ನು ಟೀವಿಯಲ್ಲಿ ನೋಡಿ ಕಣ್ಣೊರೆಸಿಕೊಂಡವರು ಈಗಲೂ ಸಿಗುತ್ತಾರೆ.

ಬೆಂಕಿಪೊಟ್ಟಣದ ಕಾರ್ಖಾನೆಯ ಧಣಿ ರವಿವರ್ಮ ಕೊಡುತ್ತಾ ಕೊಡುತ್ತಾ ಬರಿಗೈಯಾಗುತ್ತಾನೆ. ಕೊನೆಗೆ ಮನೆಗೆ ಬಂದವಳಿಗೆ ಊಟ ಹಾಕಲು ಮುದ್ದಿನ ಪಾರಿವಾಳವನ್ನೇ ಮಾರುತ್ತಾನೆ. ಅವಳು ಬಂದದ್ದೇ ಆ ಪಾರಿವಾಳ ಕೇಳಲು! ಇಟಲಿಯ ಬೊಕಾಚಿಯೊ 14ನೇ ಶತಮಾನದಲ್ಲಿ ಬರೆದ ‘ಡೆಕಮೆರಾನ್’ನಲ್ಲೂ ಡೇಗೆಯೊಂದರ ಇಂಥದೇ ಕಥೆಯಿದೆ.

ಬಣ್ಣ ಎಲ್ಲ ಕಡೆಯೂ ಒಗ್ಗಿಲ್ಲ. ಕಪ್ಪು-ಬಿಳುಪಿನಲ್ಲಿ ನೆರಳೂ ಅಭಿನಯಿಸುತ್ತಿತ್ತು; ಕೆಲವು ದೃಶ್ಯಗಳಲ್ಲಿ ಅದು ತೆಳುವಾಗಿದೆ, ಮುಖಗಳು ಬಳಿದಂತೆ ಕಾಣುತ್ತವೆ. ಆದರೆ ರಾಜ್‌ಕುಮಾರ್ ತಲೆ ತಗ್ಗಿಸದೆ ಬಡತನ ಒಪ್ಪಿಕೊಳ್ಳುವ ಪರಿ, ದೊರೆ-ಭಗವಾನರ ಸಂಯಮದ ನಿರೂಪಣೆ, ಪಿ.ಬಿ. ಶ್ರೀನಿವಾಸರ ದನಿ ಹಾಗೇ ಉಳಿದಿವೆ. ಜನ ಬಂದದ್ದೂ ಅದಕ್ಕೇ, ಬಣ್ಣ ನೆಪ ಎಂದು ನನ್ನ ನಂಬಿಕೆ.

ಅಪ್ಪಂದಿರು ಕಂಡದ್ದನ್ನು ಮಕ್ಕಳು ದೊಡ್ಡ ತೆರೆಯಲ್ಲಿ ಕಾಣುವಂತಾಯಿತು. ಅದಕ್ಕಾಗಿ ನಿರ್ಮಾಪಕ ಕೆ.ಸಿ.ಎನ್. ಗೌಡರ ಮನೆತನಕ್ಕೆ ನಾನು ಋಣಿ. ಮೂಲ ಕಪ್ಪು-ಬಿಳುಪಿನ ಪ್ರತಿಯೂ ಅಷ್ಟೇ ಜೋಪಾನವಾಗಿ ಉಳಿಯಲಿ.