ಮಾರ್ಪಾಡೋ, ಮಾರಾಟವೋ?

ಅಮೆರಿಕದ ‘ಮೆಟಾಲಿಕಾ’ ಎಂಬ ವಾದ್ಯಮಂಡಲಿಯು 1991ನೆಯ ಇಸವಿ ಆಗಸ್ಟ್ ತಿಂಗಳಲ್ಲಿ ತನ್ನ ಹೆಸರನ್ನೇ ಇಟ್ಟು ಒಂದು ಧ್ವನಿಮುದ್ರಿಕೆಯನ್ನು ಹೊರಡಿಸಿತು. ಹೊದಿಕೆಯು ಕಪ್ಪಾದುದರಿಂದ ರಸಿಕರು ಅದನ್ನು ‘ಕಪ್ಪು ಆಲ್ಬಮ್’ ಎಂದೇ ಕರೆಯುವರು. ಅಮೆರಿಕ ದೇಶವೊಂದರಲ್ಲಿಯೇ ಅದರ 1 ಕೋಟಿ 60 ಲಕ್ಷಕ್ಕೂ ಮಿಕ್ಕ ಪ್ರತಿಗಳು ಮಾರಾಟವಾಗಿವೆ. ಅಂದಿನಿಂದ ಮೊದಲಾದ ಒಂದು ಜಗಳವು ಮೆಟಲ್ ಸಂಗೀತದ ಅಭಿಮಾನಿಗಳಲ್ಲಿ ಇಂದಿಗೂ ಅಡಗಿಲ್ಲ. ಈ ಮಂಡಲಿಯವರು ಬೆಳೆದರೋ, ಅಥವಾ ತಮ್ಮನ್ನು ಮಾರಿಕೊಂಡರೋ? ಮುದ್ರಿಕೆಯು ಬಿದ್ದುಹೋಗಿದ್ದರೆ ಈ ಪ್ರಶ್ನೆಯೇ ಹುಟ್ಟುತ್ತಿರಲಿಲ್ಲವೆಂಬುದನ್ನು ಮೊದಲೇ ಗಮನಿಸತಕ್ಕದ್ದು.

ಇಂಥ ಸಂಗೀತಕ್ಕೂ ಈ ಪತ್ರಿಕೆಗೂ ಏನು ನಂಟೆಂದು ಹಿರಿಯ ವಾಚಕರು ಕೇಳಬಹುದು. 2011ರ ಅಕ್ಟೋಬರ್ 30ರಂದು ಇದೇ ಮಂಡಲಿಯವರು ಬೆಂಗಳೂರಿನ ಅರಮನೆ ಮೈದಾನದಲ್ಲಿ ಹಾಡಿದರು. ಅಂದು ಅವರು ನುಡಿಸಿದವುಗಳಲ್ಲಿ 1986ರ ಹಾಡುಗಳೂ ಇದ್ದವು, 1991ರ ಹಾಡುಗಳೂ ಇದ್ದವು. ಅದನ್ನು ಕೇಳಿಬಂದ ತರುಣರು ನಮ್ಮ ಮನೆಗಳಲ್ಲಿಯೂ ಇರುವರು. ಮೇಲಿನ ಜಗಳವನ್ನು ಊಟದ ಎಲೆಯ ಮುಂದೆಯೂ ಆಡುವರು. ಅದಂತಿರಲಿ, ಜಗಳದ ತಿರುಳನ್ನು ನೋಡಿದರೆ ಅದು ನಮ್ಮ ಆಲಂಕಾರಿಕರು ಸಾವಿರ ವರ್ಷಗಳ ಹಿಂದೆಯೇ ಕೈಹಾಕಿದ ವಿಷಯವೇ ಆಗಿದೆ.

ಮೆಟಲೆಂದರೆ ಲೋಹ. ವಿದ್ಯುತ್ ಗಿಟಾರಿನ ನಾದವನ್ನು ಬೇಕೆಂದೇ ಒರಟುಗೊಳಿಸಿ ಗರ್ಜಿಸುವಂತೆ ಮಾಡುವುದು ಈ ಸಂಗೀತದ ಮೂಲಲಕ್ಷಣ. ಅದರಲ್ಲಿಯೂ ‘ಥ್ರ್ಯಾಷ್’ ಎಂಬ ಒಳಪಂಗಡದವರು ತಂತಿಯನ್ನು ಅಂಗೈಯ ಅಂಚಿನಿಂದ ಅದುಮಿ, ಎಡೆಬಿಡದೆ ಮೇಲಿನಿಂದ ಕೆಳಕ್ಕೇ ಮೀಟಿ, ಗುದ್ದಿನಂಥ ಸ್ವರಗಳನ್ನು ಬಿರುವೇಗದಲ್ಲಿ ಪೋಣಿಸುವರು. ಜೇಮ್ಸ್ ಹೆಟ್‌ಫೀಲ್ಡ್ ಮತ್ತು ಲಾರ್ಸ್ ಉಲ್ರಿಕ್ ಎಂಬವರು 1981ರಲ್ಲಿ ಲಾಸ್ ಏಂಜಲೀಸಿನಲ್ಲಿ ಕಟ್ಟಿದ ಮೆಟಾಲಿಕಾ ಮಂಡಲಿಯು ಈ ಮಾರ್ಗದ ಪ್ರವರ್ತಕರಲ್ಲೊಂದು. 1983ರ ‘ಕಿಲ್ ’ಎಮ್ ಆಲ್’ ಅವರ ಮೊದಲನೆಯ ಮುದ್ರಿಕೆ. ದೂರು ಹುಟ್ಟುವುದಕ್ಕೆ ಹೆಚ್ಚು ಕಾಲ ಬೇಕಾಗಲಿಲ್ಲ. ಮರುವರ್ಷದ ‘ರೈಡ್ ದ ಲೈಟ್ನಿಂಗ್’ ಎಂಬುದರಲ್ಲಿ ‘ಫೇಡ್ ಟು ಬ್ಲ್ಯಾಕ್’ ಎಂಬ ಹಾಡು ವಿದ್ಯುತ್ತಿಲ್ಲದ ಗಿಟಾರಿನ ಮೆಲ್ಲನೆಯ ಮೀಟಿನಿಂದ ಆರಂಭವಾಗುವುದಷ್ಟೆ. ಅಷ್ಟಕ್ಕೇ ಕೆಲವರು ಇವರು ಕೆಟ್ಟರೆಂದು ಕೂಗೆಬ್ಬಿಸಿದರು. 1989ರಲ್ಲಿ ‘ಒನ್’ ಎಂಬ ಹಾಡಿಗೆ ಮೊದಲ ಸಲ ಚಲಚ್ಚಿತ್ರವನ್ನು ಜೋಡಿಸಿದಾಗ ಮತ್ತೆ ಕೂಗಿದರು. 1996ರಲ್ಲಿ ಮಂಡಲಿಯವರು ನೀಳವಾದ ಕೂದಲನ್ನು ಕತ್ತರಿಸಿಕೊಂಡು ಕಾಣಿಸಿಕೊಂಡಾಗಲಂತೂ ಹೇಳತೀರದು. ಕ್ಷೌರಕ್ಕೂ ಕಲೆಗೂ ಏನು ಸಂಬಂಧವೆಂದು ನಾವು ನಗಬಹುದು. ಆದರೆ ಜುಟ್ಟು ತೆಗೆಸಿಕೊಂಡು ಬಂದ ವೈದಿಕನನ್ನು ಅಗ್ರಹಾರವು ಹೇಗೆ ನೋಡುತ್ತಿದ್ದಿತೆಂಬುದನ್ನು ನೆನೆದವರು ನಗಲಾರರು. ಅದು ದೀಕ್ಷೆಯ ಲಾಂಛನವಾಗಿದ್ದಿತು.

ಈಗ ರೀತಿಯ ವಿಚಾರ. ನಮ್ಮವರು ಗೌಡೀ, ವೈದರ್ಭೀ ಎಂದು ರೀತಿಗಳನ್ನು ವಿಂಗಡಿಸಿದರು. ಸಮಾಸಬಾಹುಳ್ಯವೂ ಓಜಸ್ಸೂ ಗೌಡಿಯಲ್ಲಿ ಮಿಗಿಲು. ಪ್ರಸಾದಮಾಧುರ್ಯಗಳು ವೈದರ್ಭಿಯಲ್ಲಿ ಮಿಗಿಲು. ಕನ್ನಡದಲ್ಲಿ ಕವಿರಾಜಮಾರ್ಗಕಾರನು ಇದನ್ನೇ ದಕ್ಷಿಣೋತ್ತರಮಾರ್ಗಗಳೆಂದು ವಿಚಾರಿಸಿರುವನು. ಮೆಟಾಲಿಕಾದ 1988ರ ಮುದ್ರಿಕೆಯಾದ ‘...ಆಂಡ್ ಜಸ್ಟಿಸ್ ಫಾರ್ ಆಲ್’ ಎಂಬುದು ಗೌಡಿಯ ಪರಾಕಾಷ್ಠೆ. ಒಂಬತ್ತೇ ಹಾಡುಗಳು, ಅರುವತ್ತೈದು ನಿಮಿಷಗಳು. ಹೆಸರಿನ ಹಾಡೊಂದೇ ಹತ್ತು ನಿಮಿಷಕ್ಕೆ ಸಮೀಪವಾಗಿದೆ. ಪದದ ಮೇಲೆ ಪದವನ್ನು ಹೇರಿ ಸಾಲಿನ ತುದಿಯವರೆಗೂ ಬಿಡಿಸದ ಸಮಾಸದಂತೆ ಅಲ್ಲಿ ವರಸೆಯ ಮೇಲೆ ವರಸೆಯು ಕೂಡಿಕೊಳ್ಳುತ್ತ ಹೋಗುವುದು. ಮೇಲಾಗಿ ಮಂದ್ರ ಗಿಟಾರಿನ ನಾದವನ್ನು ಕಿವಿಗೇ ಬೀಳದಂತೆ ಅಡಗಿಸಿಬಿಟ್ಟಿರುವರು, ಅಸ್ಥಿಪಂಜರವು ಕುಣಿದಂತಾಗಿದೆ. ಈ ದೀರ್ಘಗೀತಗಳನ್ನು ಊರೂರುಗಳಲ್ಲಿ ನುಡಿಸುವಾಗ ಸಭೆಯು ಬೇಸರಗೊಳ್ಳುವುದನ್ನು ಮಂಡಲಿಯವರೇ ಕಂಡರು. ಈ ದಾರಿಯಲ್ಲಿ ಇನ್ನೊಂದು ಹೆಜ್ಜೆಯನ್ನಿಡಲು ನೆಲವಿರಲಿಲ್ಲ.

ಹೀಗಿರಲು ಅವರು ವೈದರ್ಭಿಯ ಕಡೆಗೆ ತಿರುಗಿದರು. ಬಾಬ್ ರಾಕ್ ಎಂಬ ಹೊಸ ನಿರ್ಮಾಪಕನ ಕೈಯಲ್ಲಿ 1990ರ ಅಕ್ಟೋಬರಿನಿಂದ 1991ರ ಜೂನಿನವರೆಗೆ ಲಾಸ್ ಏಂಜಲೀಸಿನಲ್ಲಿ ದುಡಿದರು. ಈತನು ಅದಕ್ಕೆ ಮುಂಚೆ ‘ಮಾಟ್ಲಿ ಕ್ರೂ’ ಎಂಬ ಥಳಕಿನ ಮಂಡಲಿಗೆ ಯಶಸ್ಸನ್ನು ತಂದುಕೊಟ್ಟವನಾದುದರಿಂದ ಶಂಕಿಸುವವರಿಗೆ ಅದೇ ಸಾಕ್ಷ್ಯವಾಯಿತು. ಆದರೆ ಸಾಕ್ಷ್ಯವನ್ನು ಕೃತಿಯಲ್ಲಿ ಹುಡುಕುವುದು ನ್ಯಾಯ. ‘ಎಂಟರ್ ಸ್ಯಾಂಡ್‌ಮನ್’ ಎಂಬ ಹಾಡು ಒಂದೇ ವರಸೆಯ ಮೇಲೆ ನಿಂತಿದೆ. ಆ ಒಂದನ್ನೇ ತಿರುವಿ, ಏರಿಸಿ, ತಗ್ಗಿಸಿ, ನಿದ್ದೆಗೆ ಜಾರುವ ಮಗುವಿನ ಹೆದರಿಕೆಯನ್ನು ಕಟ್ಟಿರುವರು. ‘ಸ್ಯಾಡ್ ಬಟ್ ಟ್ರೂ’ ಎಂಬುದರಲ್ಲಿ ಶ್ರುತಿಯನ್ನೇ ಒಂದು ಪೂರ್ಣಸ್ವರದಷ್ಟು ಇಳಿಸಿ, ನಡೆಯನ್ನು ನಿಧಾನಗೊಳಿಸಿರುವರು. ಇದರಿಂದ ಭಾರವು ಹೆಚ್ಚಿತೇ ಹೊರತು ಕಡಮೆಯಾಗಲಿಲ್ಲ. ಅಡಗಿಹೋಗಿದ್ದ ಮಂದ್ರವು ಮೈತುಂಬಿ ಮರಳಿತು. ಓಟವನ್ನೇ ಬಲವೆಂದು ತಿಳಿದವರಿಗೆ ಇದು ಮೆತುವಾಗಿ ಕೇಳಿಸಿತು. ಆನೆಯು ಓಡುವುದಿಲ್ಲವೆಂದು ಅದನ್ನು ಬಡಕಲೆನ್ನುವುದುಂಟೆ? ‘ನಥಿಂಗ್ ಎಲ್ಸ್ ಮ್ಯಾಟರ್ಸ್’ ಎಂಬ ಒಲವಿನ ಹಾಡಿನ ಸಂಗತಿಯಂತೂ ವಿನೋದವಾಗಿದೆ. ಪೇಟೆಗಾಗಿಯೇ ಹೊಸೆದದ್ದೆಂದು ಎಲ್ಲಕ್ಕಿಂತ ಹೆಚ್ಚು ಬೈಸಿಕೊಂಡದ್ದು ಅದು. ಹೆಟ್‌ಫೀಲ್ಡನು ಅದನ್ನು ತನಗಾಗಿ ಮಾತ್ರ ಕಟ್ಟಿಕೊಂಡಿದ್ದು, ಮಂಡಲಿಗೆ ಸಲ್ಲದೆಂದು ಮೊದಲು ಬಚ್ಚಿಟ್ಟಿದ್ದನು.

ಇಡಿಯ ಮುದ್ರಿಕೆಯು ನಿರ್ದುಷ್ಟವೆಂದು ನಾನು ಹೇಳುವುದಿಲ್ಲ. ‘ಡೋಂಟ್ ಟ್ರೆಡ್ ಆನ್ ಮಿ’ ಮೊದಲಾದ ಒಂದೆರಡು ಹಾಡುಗಳು ಬರಿಯ ಡಂಗುರ. ಆದರೆ ಭಾಮಹನು ಬಹು ಹಿಂದೆಯೇ ಎಚ್ಚರಿಸಿರುವಂತೆ, ವೈದರ್ಭವೆಂಬ ಹೆಸರನ್ನು ಕೇಳಿದೊಡನೆ ತಲೆದೂಗುವುದೂ ಗೌಡೀಯವೆಂದೊಡನೆ ಹಳಿಯುವುದೂ ಎರಡೂ ಗತಾನುಗತಿಕರ ಕೆಲಸ. ನಮ್ಮ ಮೆಟಲ್ ರಸಿಕರು ಇದನ್ನೇ ತಿರುಗುಮುರುಗಾಗಿ ಮಾಡಿರುವರು, ಅಷ್ಟೆ.

ಹಣದ ಮಾತಿಗೆ ಬರೋಣ. ಕಾವ್ಯಪ್ರಯೋಜನಗಳನ್ನು ಎಣಿಸುವಾಗ ಮಮ್ಮಟನು ಕೀರ್ತಿಯನ್ನು ಹೇಳಿದೊಡನೆಯೇ ಅರ್ಥಪ್ರಾಪ್ತಿಯನ್ನು ಹೇಳುವನು, ನಾಚಿಕೆಪಡುವುದಿಲ್ಲ. ಪಂಪನು ಅರಿಕೇಸರಿಯಿಂದ ಅಗ್ರಹಾರವನ್ನು ಪಡೆದನು. ಅದಕ್ಕಾಗಿ ಅವನನ್ನು ಮಾರಿಹೋದವನೆಂದು ಯಾರೂ ಅನ್ನರು. ಹಾಗಾದರೆ ಮಾರಾಟವೆಂಬುದು ಇಲ್ಲವೇ ಇಲ್ಲವೊ? ಉಂಟು. ದೊರೆಯನ್ನೇ ಅರ್ಜುನನೊಡನೆ ಒಂದುಮಾಡಬೇಕಾಗಿ ಬಂದುದರಿಂದ ಪಂಪನು ದ್ರೌಪದಿಯನ್ನು ಅರ್ಜುನನೊಬ್ಬನಿಗೇ ಮಡದಿಯನ್ನಾಗಿ ಮಾಡಿ, ಕಡೆಗೆ ಸುಭದ್ರೆಗೆ ಪಟ್ಟ ಕಟ್ಟಿಸಬೇಕಾಯಿತು. ಅಲ್ಲಿ ಕಥೆಯು ಕುಂಟುವುದು. ಕರ್ಣನ ಎಡೆಗೆ ಬಂದೊಡನೆ ಕವಿಯು ದೊರೆಯನ್ನು ಮರೆಯುವನು, ಕಾವ್ಯವು ನೆಟ್ಟಗೆ ನಿಲ್ಲುವುದು. ಮಾರಾಟದ ಕಲೆಯು ಕಾಣಿಸುವುದು ಈ ಕುಂಟಿನಲ್ಲಿ. ಕೃತಿಯು ತನ್ನ ಸ್ವಭಾವಕ್ಕೆ ವಿರೋಧವಾಗಿ ಹೊರಗಿನ ಒಂದು ಕಾರಣಕ್ಕೆ ಬಾಗಿದ ಎಡೆಯನ್ನು ತೋರಿಸಿ ದೂರುವವನ ದೂರನ್ನು ಕೇಳಬೇಕು. ಲೆಕ್ಕದ ಪುಸ್ತಕವನ್ನು ತೋರಿಸಿ ದೂರುವವನದನ್ನಲ್ಲ.

ಈ ಒರೆಗೆ ಹಚ್ಚಿದರೆ ಮೆಟಾಲಿಕಾದವರು ಸಿಕ್ಕಿಬೀಳುವುದು 1991ರಲ್ಲಲ್ಲ, 1996ರಲ್ಲಿ. ಆ ವರ್ಷದ ‘ಲೋಡ್’ ಎಂಬ ಮುದ್ರಿಕೆಯು ಎಪ್ಪತ್ತೊಂಬತ್ತು ನಿಮಿಷಗಳಷ್ಟು ಉದ್ದವಾಗಿದೆ. ಒಂದು ತಟ್ಟೆಯು ಹಿಡಿಯುವಷ್ಟನ್ನೂ ತುಂಬಿರುವರು. ಸಾಲದೆಂದು ಉಳಿದುದನ್ನು 1997ರಲ್ಲಿ ‘ರೀಲೋಡ್’ ಎಂದು ಇನ್ನೊಂದು ತಟ್ಟೆಯಾಗಿ ಬಡಿಸಿದರು. ಇವುಗಳಲ್ಲಿ ನಡೆಯು ಮೆಲ್ಲಗಾಯಿತೆಂಬುದು ದೋಷವಲ್ಲ. ಆರಿಸುವ ಕೈಯು ಸಡಿಲಾದುದು ದೋಷ. ಹಳೆಯ ಗ್ರಾಮ್ಯ ರಾಕ್ ಸಂಗೀತದ ಲಯಗಳನ್ನು ಎರವಲು ತಂದಿರುವರು. ಹಲವು ಹಾಡುಗಳಲ್ಲಿ ಆ ಎರವಲು ಎರವಲಾಗಿಯೇ ಉಳಿದಿದೆ. ಆದರೂ ಕಡೆಯ ಹಾಡಾದ ‘ದ ಔಟ್‌ಲಾ ಟಾರ್ನ್’ ಎಂಬುದು ಅವರ ಅತ್ಯುತ್ತಮ ರಚನೆಗಳಲ್ಲೊಂದು. ಉತ್ಕಂಠೆಯನ್ನು ಅಷ್ಟು ತಾಳ್ಮೆಯಿಂದ ಬೆಳೆಸಿದ ಇನ್ನೊಂದು ಹಾಡು ಅವರಲ್ಲಿ ಇಲ್ಲ. ತಟ್ಟೆಯಲ್ಲಿ ಎಡೆ ಸಾಲದೆ ಇದರ ಕೊನೆಯ ಒಂದು ನಿಮಿಷವನ್ನೇ ಕತ್ತರಿಸಿದರು! ಅಳಿಸಿಹಾಕಬಹುದಾಗಿದ್ದ ನಾಲ್ಕಾರು ಹಾಡುಗಳು ಇಡಿಯಾಗಿ ಉಳಿದವು, ಉಳಿಯಬೇಕಾದುದು ಮೊಂಡಾಯಿತು. ಕತ್ತರಿಯ ದೂರನ್ನು ಕೂದಲಿನ ವಿಷಯದಲ್ಲಿ ಹೇಳಿದವರು ಇದನ್ನು ಹೇಳಬೇಕಾಗಿದ್ದಿತು.

ಬೇರೆ ಮಂಡಲಿಗಳನ್ನು ನೋಡಿದರೆ ವಿವೇಚನೆಯು ಇನ್ನೂ ಸ್ಪಷ್ಟವಾಗುವುದು. ಸ್ವಿಟ್ಜರ್ಲೆಂಡಿನ ‘ಕೆಲ್ಟಿಕ್ ಫ್ರಾಸ್ಟ್’ ಎಂಬವರು 1988ರಲ್ಲಿ ಕಾಲದ ಥಳಕನ್ನು ಹಚ್ಚಿಕೊಂಡು ‘ಕೋಲ್ಡ್ ಲೇಕ್’ ಎಂಬುದನ್ನು ಹೊರಡಿಸಿದರು. ಅದರ ಮುಖ್ಯನಾದ ಟಾಮ್ ಗೇಬ್ರಿಯಲ್ ಫಿಶರನೇ ಮುಂದೆ ಅದನ್ನು ತನ್ನದೆನ್ನಲು ಒಲ್ಲದಾದನು. ಇದಕ್ಕೆ ಬೇರೆ ವಾದ ಬೇಕಿಲ್ಲ. ಇನ್ನೊಂದು ಕಡೆ, ಸ್ವೀಡನ್ ದೇಶದ ‘ಓಪೆತ್’ ಎಂಬವರು 2011ರ ‘ಹೆರಿಟೇಜ್’ ಮುದ್ರಿಕೆಯಲ್ಲಿ ತಮಗೆ ಹೆಸರು ತಂದಿದ್ದ ಗುಟುರುದನಿಯನ್ನೇ ತೊರೆದು, 1970ರ ದಶಕದ ಸಂಗೀತದ ಕಡೆಗೆ ನಡೆದರು. ಪೇಟೆಯ ಲಾಭಕ್ಕಾಗಿ ಯಾರೂ ಆ ದಾರಿಯನ್ನು ಹಿಡಿಯರು. ಹಳೆಯ ಅಭಿಮಾನಿಗಳು ಮುನಿದರು. ಆ ದನಿಯು ಅವರ ಹೊಸ ಹಾಡುಗಳಲ್ಲಿ ಮತ್ತೆ ಕೇಳಿಬಂದುದು 2024ರಲ್ಲಿ. ಎಲ್ಲ ಮಾರ್ಪಾಡನ್ನೂ ಮಾರಾಟವೆನ್ನುವವರು ಓಪೆತ್ತಿನವರಿಗೆ ಕೊಂಡವರು ಯಾರೆಂಬುದನ್ನು ಹೇಳಲಿ.

ಹಳೆಯದಕ್ಕೆ ಮರಳಿದರೆ ಸರಿಹೋಗುವುದೆಂಬುದೂ ಭ್ರಮೆಯೇ. ಮೆಟಾಲಿಕಾದವರು 2003ರ ‘ಸೇಂಟ್ ಆಂಗರ್’ ಎಂಬುದರಲ್ಲಿ ಉಗ್ರತೆಯನ್ನು ಮತ್ತೆ ತರಿಸಿಕೊಳ್ಳಹೊರಟರು. ಮದ್ದಳೆಯು ತಗಡಿನ ಡಬ್ಬವನ್ನು ಬಡಿದಂತೆ ಕೇಳುವುದು. ಏಕಗಿಟಾರಿನ ಆಲಾಪಗಳನ್ನು ತೆಗೆದೇಬಿಟ್ಟರು. ಕೋಪವು ಉಂಟು, ರೌದ್ರವಿಲ್ಲ. 2008ರ ‘ಡೆತ್ ಮ್ಯಾಗ್ನೆಟಿಕ್’ ಎಂಬುದರಲ್ಲಿ ದೀರ್ಘಸಮಾಸಗಳು ಮರಳಿದವು, ಕೆಲವು ಚೆನ್ನಾಗಿಯೂ ಇವೆ. ಆದರೆ ನಾದದ ಮಟ್ಟವನ್ನು ಎಷ್ಟು ಏರಿಸಿರುವರೆಂದರೆ ಸ್ವರಗಳು ಬಿರಿದು ಚಿಟಪಟಿಸುವುವು.

ಇನ್ನೊಂದು ವಿಷಯ ಉಳಿದಿದೆ; ಅಭಿಮಾನಿಗಳ ನೋವಿನ ನಿಜವಾದ ಬೇರು ಅಲ್ಲಿರುವಂತೆ ನನಗೆ ತೋರುತ್ತದೆ. ಮೊದಲ ಮುದ್ರಿಕೆಯು ಬರುವುದಕ್ಕಿಂತ ಮುಂಚೆ, 1982ರಲ್ಲಿ, ಮೆಟಾಲಿಕಾದವರು ‘ನೋ ಲೈಫ್ ಟಿಲ್ ಲೆದರ್’ ಎಂದು ಏಳು ಹಾಡುಗಳ ಕ್ಯಾಸೆಟ್ಟೊಂದನ್ನು ಮಾಡಿದರು. ಅದನ್ನು ಅಂಗಡಿಯವನು ಮಾರಲಿಲ್ಲ. ರಸಿಕರು ತಾವೇ ಪ್ರತಿಮಾಡಿ, ಅಂಚೆಯಲ್ಲಿ ಒಬ್ಬರಿಗೊಬ್ಬರು ಕಳುಹಿಸಿ, ಊರಿಂದೂರಿಗೆ, ದೇಶದಿಂದ ದೇಶಕ್ಕೆ ಹಬ್ಬಿಸಿದರು. ಓಲೆಯನ್ನು ಪ್ರತಿಮಾಡಿ ಕಾವ್ಯವನ್ನು ಉಳಿಸಿದವರಂತೆ ಇವರು. ಕೊಂಡುಕೊಂಡವನು ಗಿರಾಕಿ, ಹೊತ್ತು ನಡೆದವನು ಗಿರಾಕಿಯಲ್ಲ. ಇಂಥವರಿಗೆ ಮಂಡಲಿಯು ತಮ್ಮದೆಂಬ ಭಾವವು ಮೂಡಿದರೆ ಅದನ್ನು ಮೂಢತನವೆಂದು ತಳ್ಳಿಹಾಕಲಾಗದು. 2000ನೆಯ ಇಸವಿಯಲ್ಲಿ ‘ನ್ಯಾಪ್‌ಸ್ಟರ್’ ಎಂಬ ಅಂತರ್ಜಾಲದ ವ್ಯವಸ್ಥೆಯ ಮೂಲಕ ಜನರು ಹಾಡುಗಳನ್ನು ಬೆಲೆಯಿಲ್ಲದೆ ಹಂಚಿಕೊಳ್ಳುತ್ತಿರಲು, ಮೆಟಾಲಿಕಾದವರು ಏಪ್ರಿಲಿನಲ್ಲಿ ವ್ಯಾಜ್ಯ ಹೂಡಿದರು. ಮೇ ತಿಂಗಳಲ್ಲಿ ಉಲ್ರಿಕನು ಮೂರು ಲಕ್ಷಕ್ಕೂ ಮಿಕ್ಕ ಮಂದಿಯ ಹೆಸರುಗಳ ಪಟ್ಟಿಯನ್ನು ಒಪ್ಪಿಸಿ, ಅವರನ್ನು ಹೊರಗಿಡಬೇಕೆಂದು ಕೇಳಿದನು. ಧರ್ಮಾಸನವು ಅವರ ಪಕ್ಷದಲ್ಲಿಯೇ ಇದ್ದಿತು. ಅನುಮತಿಯಿಲ್ಲದೆ ಹಂಚುವುದು ತಪ್ಪೆಂಬುದರಲ್ಲಿ ನನಗೂ ಸಂದೇಹವಿಲ್ಲ. ಹಳೆಯ ಕ್ಯಾಸೆಟ್ಟುಗಳಲ್ಲಾದರೋ ಪ್ರತಿಯೊಂದು ಪ್ರತಿಗೂ ಒಬ್ಬನ ಸಂಜೆಯು ವೆಚ್ಚವಾಗುತ್ತಿದ್ದಿತು, ಇಲ್ಲಿ ಒಂದು ಬೆರಳು ಸಾಕು. ಎರಡೂ ಒಂದೇ ಅಲ್ಲ. ಆದರೂ ಆ ಪಟ್ಟಿಯ ಹೆಸರುಗಳ ನಡುವೆ ಹಿಂದೆ ಅಂಚೆಯ ಚೀಟಿಯನ್ನು ಅಂಟಿಸಿದ ಕೈಗಳು ಎಷ್ಟಿದ್ದವೊ! ಆಗ ಎದ್ದ ದೂರು ಸ್ವರಕ್ಕೂ ಲಯಕ್ಕೂ ಸಂಬಂಧಪಟ್ಟುದಲ್ಲ, ಮುದ್ರಿಕೆಗಳನ್ನು ಅದರಿಂದ ಅಳೆಯಲಾಗದು; ಆದರೆ ಆ ದೂರಿಗೆ ಮಂಡಲಿಯ ಕಡೆಯಿಂದ ಸಮಾಧಾನವೂ ಇಲ್ಲ.

ಆ ಹಳೆಯ ಏಳು ಹಾಡುಗಳನ್ನು 2015ರ ಏಪ್ರಿಲಿನಲ್ಲಿ ಮಂಡಲಿಯವರು, ಮತ್ತೆ ಕ್ಯಾಸೆಟ್ಟಿನ ರೂಪದಲ್ಲಿಯೇ, ಬೆಲೆ ಕಟ್ಟಿ ಅಂಗಡಿಗಳಲ್ಲಿಟ್ಟರು.